ಇತರೆ

ಬೆಳಗಿನ ಜಾವ ಬರುವವರು
ರೋಗದ ಹೆಸರು ಹೊತ್ತು ಬರುವುದಿಲ್ಲ.
"ಕಣ್ಣಿಗೆ ಕತ್ತಲೆ ಕವೀತು" ಅಂತಾರೆ,
"ತಲೆಯೊಳಗೆ ಯಾರೋ ಕುಟ್ತಾವ್ರೆ" ಅಂತಾರೆ,
"ನಿಂತ ನೆಲ ಸರೀತಾ ಐತೆ ಸಾರ್."
ನಾನು ಕೇಳುವುದು ಆಧಾರ್, ವಯಸ್ಸು, ಮೊಬೈಲ್ ನಂಬರ್.
ಆಮೇಲೆ ಪರದೆಯಲ್ಲೊಂದು ಪಟ್ಟಿ ಬಿಚ್ಚಿಕೊಳ್ಳುತ್ತದೆ:
ಜ್ವರ, ಜ್ವರ-ಕೆಮ್ಮು, ವಾಂತಿ-ಭೇದಿ, ಹಾವು, ನಾಯಿ, ಅಪಘಾತ,
ಕಟ್ಟಕಡೆಗೆ, ಬೆರಳಿಗೆ ಬಲು ಹತ್ತಿರ,
ಇತರೆ.

ಶಿಡ್ಲಘಟ್ಟ ತಾಲ್ಲೂಕು ಆಸ್ಪತ್ರೆ, ತುರ್ತು ಚಿಕಿತ್ಸೆ, ರಾತ್ರಿ ಪಾಳಿ.
ಹೊರಗುತ್ತಿಗೆಯವನು ನಾನು; ಎರಡು ತಿಂಗಳಿಗೊಮ್ಮೆ ಸಂಬಳ.
ಎದುರಿಗೆ ಸಾಲು ಬೆಳೆಯುತ್ತದೆ, ಪರದೆಯಲ್ಲಿ ಚಕ್ರ ಸುತ್ತುತ್ತದೆ.
ಹಾವು ಒತ್ತಿದರೆ ಅದು ಕೇಳುತ್ತದೆ: ಎಷ್ಟೊತ್ತಿಗೆ, ಯಾವ ಕಾಲು.
ಇತರೆ ಒತ್ತಿದರೆ
ಏನನ್ನೂ ಕೇಳುವುದಿಲ್ಲ.

ಆ ಡಿಸೆಂಬರು:
ಮೆಹಬೂಬಿ, ಮೂವತ್ತೆಂಟು, ಇತರೆ.
ಗಂಗುಲಪ್ಪ, ಐವತ್ತೊಂದು, ಇತರೆ.
ಮೆಹಬೂಬಿಯ ಮಗಳು, ಹೆಸರು ಬರೆದುಕೊಂಡಿದ್ದೆ, ಈಗ ನೆನಪಿಲ್ಲ, ಇತರೆ.
ಹೊರಗಿನ ಕಲ್ಲುಬೆಂಚಿನ ಮೇಲೆ ಗಾಳಿಗೆ ಕೂತರೆ
ಅರ್ಧ ವಾಸಿ. ಟೀ ಕುಡಿದು ಕೆಲಸಕ್ಕೆ ಹೋಗುತ್ತಿದ್ದರು.
ವಾಸಿಯಾಗಿ ಎದ್ದುಹೋಗುವುದೂ ಒಂದು ಲಕ್ಷಣವೆಂದು
ನನಗೆ ಯಾರು ಹೇಳಿಕೊಟ್ಟಿದ್ದರು?

'ಷರಾ' ಅಂತೊಂದು ಖಾನೆಯಿದೆ, ಖಾಲಿ ಬಿಟ್ಟರೂ ನಡೆಯುತ್ತದೆ.
ಸಿಸ್ಟರ್ ಮುನಿಲಕ್ಷ್ಮಮ್ಮ ಬಿಡಲಿಲ್ಲ.
ಬಿ.ಪಿ. ಪಟ್ಟಿ ಸುತ್ತುತ್ತಲೇ ಗದರುತ್ತಿದ್ದಳು:
"ಅವರ ಬಾಯಲ್ಲಿ ಬಂದಂಗೇ ಹಾಕಪ್ಪಾ,
ನಿನ್ನ ಬುದ್ಧಿ ಬೆರೆಸಬೇಡ."
ಹಾಕಿದೆ. ಶ್ರದ್ಧೆಯಿಂದಲ್ಲ, ಅವಳ ಬಾಯಿಗೆ ಹೆದರಿ.
ತಲೆ ಗಿರ್ರಂತು. ಚಕ್ಕರ್ ಆರಾ. ಕಳ್ಳು ತಿರಿಗಿನಾಯಿ. ತಲೆ ಗಿರ್ರಂತು.
ಮೂರು ಭಾಷೆ, ಸುತ್ತುವ ತಲೆ ಒಂದೇ.

ಜನವರಿಯಲ್ಲಿ ಚಿಕ್ಕಬಳ್ಳಾಪುರದಿಂದ ಫೋನು.
ಸರ್ವೇಕ್ಷಣಾ ಘಟಕದ ಇಂದುಶ್ರೀಯಂತೆ, ಮುಖ ನೋಡಿದವನಲ್ಲ ನಾನು.
"ನಿಮ್ಮಲ್ಲಿ ಶುಕ್ರವಾರ ಯಾರಿಗೂ ತಲೆ ಸುತ್ತಲ್ವಾ?"
ತಮಾಷೆ ಅಂದುಕೊಂಡೆ.
"ಐದು ವಾರದ ಷರಾ ಓದಿದೀನಿ. ಗುರುವಾರ ಆರು, ಏಳು.
ಶುಕ್ರವಾರ ಸೊನ್ನೆ. ಶನಿವಾರ ಮತ್ತೆ ಆರು.
ಶುಕ್ರವಾರ ಅಲ್ಲಿ ಏನು ಮುಚ್ಚಿರುತ್ತೆ?"

ಈ ಊರಲ್ಲಿ ಹುಟ್ಟಿದವನನ್ನು ಕೇಳುವ ಪ್ರಶ್ನೆಯೇ ಅದು!
ನೂಲು ಬಿಚ್ಚುವ ಶೆಡ್ಡುಗಳು ಮುಚ್ಚಿರುತ್ತವೆ.
ನಮ್ಮ ಓಣಿಗೆ ಗೂಡು ಬೇಯುವ ವಾಸನೆಯಿಲ್ಲದ
ಒಂದೇ ಒಂದು ದಿನ.
ಹೇಳಿದೆ. ಹೇಳುತ್ತಲೇ ಗಂಟಲು ಒಣಗಿತು.

ಮಾರನೆಯ ದಿನ ಜೀಪು ಬಂತು.
ಚಳಿಗೆಂದು ಕಿಟಕಿಗಳಿಗೆ ಗೋಣಿ ತುರುಕಿದ್ದರು,
ಮುರಿದ ಹೊಗೆಕೊಳವೆಗೆ ತಗಡು ಮುಚ್ಚಿದ್ದರು,
ಒಳಗೆ ನಿಗಿನಿಗಿ ಕೆಂಡ, ಕುದಿವ ನೀರು, ಹತ್ತು ಜನ.
ಹೊಗೆಯಾಗಿದ್ದರೆ ಕೆಮ್ಮಿ ಹೊರಗೆ ಬರುತ್ತಿದ್ದರು.
ಮೂಗಿಗೆ ಸಿಗದ ಗಾಳಿಗೆ ಯಾರು ಕೆಮ್ಮುತ್ತಾರೆ?
"ಕಿಟಕಿ ತೆಗೆದರೆ ಎಳೆ ಹರಿಯುತ್ತೆ" ಅಂದ ಮಾಲೀಕ.
ಗೇಣಗಲ ತೆಗೆಸಿದರು. ಸದ್ಯಕ್ಕೆ ಅಷ್ಟೇ.

ಗಂಗುಲಪ್ಪ ನಾಲ್ಕು ಸಲ ಬಂದಿದ್ದ.
ಐದನೆಯ ಸಲ, ಡಿಸೆಂಬರಿನ ಕೊನೆಯ ಗುರುವಾರ,
ಅವನ ಹೆಸರನ್ನು ನಾನು ಬರೆಯಲಿಲ್ಲ.
ಅದಕ್ಕೆ ಬೇರೆ ರಿಜಿಸ್ಟರಿದೆ, ಹಿಂದಿನ ಕೋಣೆಯಲ್ಲಿ.

ಇಂದುಶ್ರೀಗೆ ಹೆಸರುಗಳು ಹೋಗುವುದಿಲ್ಲ, ಹೋಗಲೂಬಾರದು.
ಹೆಸರೆಲ್ಲ ನನ್ನ ಹತ್ತಿರವೇ ಇದ್ದವು.
ಶುಕ್ರವಾರ ಕಂಡದ್ದು ಅವಳಿಗೆ.

ಇವತ್ತು ಐದೂಕಾಲಿಗೆ ಮುದುಕನೊಬ್ಬ,
ಮಫ್ಲರು ಬಿಚ್ಚದೆ ಅಂದ: "ಎದೇಲಿ ಇರುವೆ ಹರಿದಂಗಾಗ್ತೈತೆ."
ಪಟ್ಟಿಯಲ್ಲಿ ಇರುವೆಯಿಲ್ಲ.
ಒತ್ತಿದ್ದು ಇತರೆಯನ್ನೇ.
ಒತ್ತಿ, ಕೇಳಿದೆ:
"ಕೆಂಪಿರುವೆ ಥರವಾ ತಾತ, ಕರಿ ಇರುವೆಯಾ?"
ಹಿಂದಿನವರು ಗೊಣಗಿದರು.
ಅವನು ಕಣ್ಣು ಮುಚ್ಚಿ
ಯೋಚಿಸತೊಡಗಿದ.